ಸಹಾಯ ಬೇಕು: ಮಿನಿಕಾಯ್‌ನ ಮೂವರು ಹುಡುಗರಿಗೆ ರೂಮು

ನಮಸ್ಕಾರ. ಲಕ್ಷದ್ವೀಪದ ಮಿನಿಕಾಯ್‌ನಿಂದ ಮೂವರು ಹುಡುಗರು ಡಿಗ್ರಿ ಓದೋಕೆ ಜೂನ್‌ನಲ್ಲಿ ಬೆಂಗಳೂರಿಗೆ ಬರ್ತಿದ್ದಾರೆ. ಫ್ರೇಜರ್ ಟೌನ್, ಶಿವಾಜಿನಗರ, ಆರ್.ಟಿ. ನಗರದ ಕಡೆ 3 ಶೇರಿಂಗ್ ಪಿಜಿ ಅಥವಾ 1 ಬಿಎಚ್‌ಕೆ ಇದ್ರೆ ತಿಳಿಸಿ.

ಮುಖ್ಯ ತೊಂದರೆ ತಾರೀಖಿನದ್ದು. ಹಡಗಿನಲ್ಲಿ ಕೊಚ್ಚಿಗೆ ಬಂದು, ಎರ್ನಾಕುಳಂನಿಂದ ರೈಲು ಹಿಡೀಬೇಕು. ಮಳೆಗಾಲದಲ್ಲಿ ಕಡಲು ಒರಟಾದ್ರೆ ಹಡಗು ಹೊರಡೋ ದಿನ ಮುಂದಕ್ಕೆ ಹೋಗುತ್ತೆ. ಪಿಜಿಯವರು ಸಾಮಾನ್ಯವಾಗಿ ಹೇಳಿದ ದಿನ ಬರದಿದ್ರೆ ಟೋಕನ್ ದುಡ್ಡು ಮುರ್ಕೊಂಡು ಬೆಡ್ ಬೇರೆಯವರಿಗೆ ಕೊಟ್ಬಿಡ್ತಾರೆ. ಹತ್ತು ದಿನ ಕಾಯೋ ಓನರ್ ಬೇಕು. ಆ ದಿನಗಳ ಬಾಡಿಗೆ ಕೊಡ್ತೀವಿ, ಆದ್ರೆ ಅದು ರಸೀದಿಯಲ್ಲಿ ಬರೆದಿರಬೇಕು.

ಮನೆಯಾದ್ರೆ 11 ತಿಂಗಳ ಕರಾರು, ಛಾಪಾ ಕಾಗದದ ಮೇಲೆ, ಮೂವರ ಹೆಸರೂ ಇರಲಿ. ಒಬ್ಬನ ಹೆಸರಲ್ಲಿ ಮಾಡಿದ್ರೆ ಅವನು ಬಿಟ್ಟ ದಿನ ಉಳಿದಿಬ್ಬರ ಅಡ್ವಾನ್ಸ್ ತಗಾದೆಗೆ ಬೀಳುತ್ತೆ. ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಪೇಂಟಿಂಗಿಗೆ ಎಷ್ಟು ಹಿಡೀತಾರೆ ಅನ್ನೋದನ್ನೂ ಈಗಲೇ ಕೇಳಿ.

ಲಕ್ಷದ್ವೀಪದ ಎಸ್‌ಟಿ ಸರ್ಟಿಫಿಕೇಟ್ ಕರ್ನಾಟಕದ ರಾಜ್ಯ ಕೋಟಾಕ್ಕೆ ನಡೆಯಲ್ಲ, ಹಾಗಾಗಿ ಸರ್ಕಾರಿ ಹಾಸ್ಟೆಲ್ ಸಲಹೆ ಬೇಡ.

ಓನರಿಗೆ ಮೊದಲೇ ಹೇಳಿಬಿಡಿ: ಹುಡುಗರು 'ಮಾಸ್' ತರ್ತಾರೆ. ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯಷ್ಟು ಗಟ್ಟಿಯಾಗೋವರೆಗೆ ಒಣಗಿಸಿದ ಟ್ಯೂನಾ ಮೀನು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ರೆ ವಾಸನೆ ಆಚೆ ಬರಲ್ಲ. ಪ್ಲಾಸ್ಟಿಕ್ ಕವರಲ್ಲಿಟ್ರೆ ಇಡೀ ಮಹಡಿಗೆ ಗೊತ್ತಾಗುತ್ತೆ.

ಮನೆಮಾತು ಮಹಲ್, ಶಾಲೆಯಲ್ಲಿ ಮಲಯಾಳಂ ಓದಿದ್ದಾರೆ. ಭಾನುವಾರ ಒಂದು ಗಂಟೆ ಕನ್ನಡ ಹೇಳಿಕೊಡೋರು ಸಿಕ್ಕಿದ್ರೂ ಇಲ್ಲೇ ತಿಳಿಸಿ. ಲಿಪಿ ಆಮೇಲೆ, ಮೊದಲು ಬಸ್ಸು, ಅಂಗಡಿ, ಆಟೋದಲ್ಲಿ ಮಾತಾಡೋಷ್ಟು ಸಾಕು.