‘ಫೈರ್ ಹಝಾರ್ಡ್’ ಅನ್ನೋದನ್ನ ಅಮ್ಮನಿಗೆ ಹೇಗೆ ಹೇಳಲಿ?

ಪದ್ಮ, ಹನುಮಂತನಗರ:
ಅಮೆರಿಕದಲ್ಲಿ ಅಂಗವಿಕಲರ ಹಕ್ಕುಗಳಿಗಾಗಿ ಹೋರಾಡಿದ ಜೂಡಿ ಹ್ಯೂಮನ್ ಅವರ ಆತ್ಮಕಥೆ ‘ಬೀಯಿಂಗ್ ಹ್ಯೂಮನ್’ ಅನ್ನು ರಾತ್ರಿ ಊಟ ಆದಮೇಲೆ ಅಮ್ಮನಿಗೆ ಓದಿ ಹೇಳ್ತಿದೀನಿ. ಅಮ್ಮನಿಗೆ 78, ಇಂಗ್ಲಿಷ್ ಬರಲ್ಲ. ಓದ್ತಾ ಓದ್ತಾ ನಾನೇ ಕನ್ನಡ ಮಾಡ್ಬೇಕು. ನನಗೂ ಪೋಲಿಯೊ, ಎರಡೂ ಕಾಲಿಗೆ ಕ್ಯಾಲಿಪರ್ ಅನ್ನೋ ಆಸರೆಪಟ್ಟಿ. ಜೂಡಿಗೆ 1949ರಲ್ಲಿ, ಒಂದೂವರೆ ವರ್ಷಕ್ಕೇ ಬಂತು ಅಂದಾಗ ಅಮ್ಮ, “ನಿನಗೆ ಹನ್ನೊಂದು ತಿಂಗಳು” ಅಂದು ಸುಮ್ಮನಾದ್ಲು.

ಈಗ ಒಂದು ಪದದ ಹತ್ರ ನಿಂತಿದೀನಿ. ಬ್ರೂಕ್ಲಿನ್ನಲ್ಲಿ ಐದು ವರ್ಷದ ಜೂಡಿಯನ್ನ ಅವರಮ್ಮ ಶಾಲೆಗೆ ಸೇರಿಸೋಕೆ ಹೋದ್ರೆ, ಪ್ರಿನ್ಸಿಪಾಲ್ ಗಾಲಿಕುರ್ಚಿ ನೋಡಿ ‘ಫೈರ್ ಹಝಾರ್ಡ್’ ಅಂತ ವಾಪಸ್ ಕಳಿಸ್ತಾರೆ. ‘ಬೆಂಕಿ ಅಪಾಯ’ ಅಂದೆ. “ಮಗು ಕೈಲಿ ಬೆಂಕಿಪೊಟ್ಟಣ ಇತ್ತಾ?” ಅಂದ್ಲು ಅಮ್ಮ!

ಗಾಂಧಿಬಜಾರ್ ರಾಯರು:
‘ಬೆಂಕಿ ಬಿದ್ದರೆ ದಾರಿಗೆ ಅಡ್ಡ’ ಅನ್ನಿ. ಆ ಮಾತು ಇನ್ನೊಮ್ಮೆ ಬರುತ್ತೆ, ನೆನಪಿಟ್ಟುಕೊಳ್ಳಿ. 1970ರಲ್ಲಿ ಜೂಡಿ ಟೀಚರ್ ಲೈಸೆನ್ಸ್ ಕೇಳಿದಾಗ ನ್ಯೂಯಾರ್ಕ್ ಶಿಕ್ಷಣ ಮಂಡಳಿಯದೂ ಅದೇ ರಾಗ: ಬೆಂಕಿ ಬಿದ್ದರೆ ಮಕ್ಕಳನ್ನು ಹೇಗೆ ಹೊರಗೆ ಕರೆತರ್ತೀರಿ ಅಂತ. ಆಯಮ್ಮ ಕೋರ್ಟಿಗೇ ಹೋದರು. ಲೈಸೆನ್ಸ್ ಬಂತು, ಪಾಠವನ್ನೂ ಮಾಡಿದರು.

ವೀಣಾ, ಲಿಂಗರಾಜಪುರ:
ಪದ್ಮಕ್ಕಾ, 1977ರ ಭಾಗ ಮಾತ್ರ ನಿಧಾನಕ್ಕೆ ಓದಿ. ಸರ್ಕಾರದ ದುಡ್ಡು ತಗೊಳ್ಳೋ ಸಂಸ್ಥೆಗಳು ಅಂಗವಿಕಲರನ್ನ ದೂರ ಇಡೋ ಹಾಗಿಲ್ಲ ಅನ್ನೋ ಅಮೆರಿಕದ ಕಾನೂನಿನ 504ನೇ ಸೆಕ್ಷನ್ 1973ರಲ್ಲೇ ಆಗಿತ್ತು, ನಿಯಮಗಳಿಗೆ ಮಾತ್ರ ಸಹಿ ಬಿದ್ದಿರಲಿಲ್ಲ. (ಫೈಲು ಎಲ್ಲಾ ಊರಲ್ಲೂ ಫೈಲೇ.) ಅದಕ್ಕೇ ಜೂಡಿ ಸೇರಿ ನೂರಕ್ಕೂ ಹೆಚ್ಚು ಜನ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಏಪ್ರಿಲ್ 5ಕ್ಕೆ ಕೂತವರು, ಸಹಿ ಬಿದ್ದ 28ರವರೆಗೂ ಏಳಲಿಲ್ಲ. ಫೋನ್ ಕಟ್ ಮಾಡಿದ್ರೆ ಕಿವುಡರು ಕಿಟಕಿಯಿಂದ ಕೈಸನ್ನೆಯಲ್ಲೇ ಹೊರಗೆ ಸುದ್ದಿ ಮುಟ್ಟಿಸಿದ್ರು. ಕಪ್ಪುಜನರ ಹಕ್ಕಿಗಾಗಿ ಹೋರಾಡ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್‌ನವರು ಬಿಸಿಬಿಸಿ ಊಟ ತಂದುಕೊಟ್ರು.

ಹಾಗೇ ನಮ್ಮೂರಿನ ಎನ್.ಎಸ್. ಹೇಮಾ ಅವರ ಕಥೆಯನ್ನೂ ಅಮ್ಮನಿಗೆ ಹೇಳಿ. ಅವರಿಗೂ ಪೋಲಿಯೊ, 1959ರಲ್ಲೇ ಎಪಿಡಿ ಅನ್ನೋ ಅಂಗವಿಕಲರ ಸಂಸ್ಥೆ ಕಟ್ಟಿದವರು. ಅನುವಾದದ ತಾಪತ್ರಯ ಇಲ್ಲ.

ಪದ್ಮ, ಹನುಮಂತನಗರ:
ರಾಯರೇ, ನಿಮ್ಮ ಮಾತೇ ಹೇಳಿದೆ. ಅಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸ್ತಾ, “ಹಾಗಂದ್ರೆ ನಿನ್ನ ಹೆಡ್‌ಮಿಸ್ಸು ಹೇಳಿದ್ದೇ” ಅಂದ್ಲು. 1984ರಲ್ಲಿ ಮನೆ ಹತ್ರದ ಶಾಲೆಯವರು ‘ಮೆಟ್ಟಿಲ ಮೇಲೆ ಬಿದ್ದರೆ ಯಾರು ಜವಾಬ್ದಾರಿ’ ಅಂತ ಅರ್ಜಿ ವಾಪಸ್ ಕೊಟ್ಟಿದ್ರಂತೆ. ಇಷ್ಟು ವರ್ಷ ನನಗೆ ಹೇಳ್ತಾ ಬಂದಿದ್ದು ‘ಸೀಟು ಭರ್ತಿಯಾಗಿತ್ತು’ ಅಂತ.

ಏನು ಕೇಳೋದು ಅಂತ ಗೊತ್ತಾಗಲಿಲ್ಲ. “ಮುಂದಕ್ಕೆ ಓದು” ಅಂದ್ಲು.