ಸಹಾಯ ಬೇಕು: ರಾತ್ರಿಯಿಡೀ ಬರುವ ಲಿಂಕ್ ಅಲರ್ಟ್‌ಗಳಿಗೆ ಏನು ಮಾಡಲಿ?

ನಮಸ್ಕಾರ. ಬೆಂಗಳೂರಿನಲ್ಲಿ ಸೀನಿಯರ್ ನೆಟ್‌ವರ್ಕ್ ಎಂಜಿನಿಯರ್ ಆಗಿದ್ದೇನೆ. ಹಗಲೆಲ್ಲ ಟಿಕೆಟ್, ಮೀಟಿಂಗ್. ಫೈರ್‌ವಾಲ್ ಬದಲಾವಣೆಗಳೆಲ್ಲ ಮಧ್ಯರಾತ್ರಿ ಮೇಲೆ. ಜೂನಿಯರ್‌ಗಳಿಗೆ ಬಗೆಹರಿಯದ್ದೂ ನನಗೇ ಬರುತ್ತದೆ. ಅದಕ್ಕೆ ಬೇಸರವಿಲ್ಲ. ನಿದ್ದೆ ಕೆಡಿಸುತ್ತಿರುವುದು ಒಂದೇ ಒಂದು ಲಿಂಕ್.

ಹುಬ್ಬಳ್ಳಿ ಬ್ರಾಂಚ್‌ಗೆ ಎರಡು ಐಎಸ್‌ಪಿ (ಇಂಟರ್ನೆಟ್ ಕಂಪನಿ) ಲಿಂಕ್ ಇವೆ, ಎರಡರ ಮೇಲೂ ಬಿಜಿಪಿ (ರೂಟರ್‌ಗಳು ದಾರಿಯ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್). ಅದರ ಹೋಲ್ಡ್ ಟೈಮ್ (ಆ ಕಡೆಯಿಂದ ಸದ್ದಿಲ್ಲದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದು) ಡೀಫಾಲ್ಟ್ 180 ಸೆಕೆಂಡ್ ಇದ್ದಾಗ ಲಿಂಕ್ ಸತ್ತರೂ ರೂಟರ್‌ಗೆ ಬೇಗ ಗೊತ್ತಾಗುತ್ತಿರಲಿಲ್ಲ, ಫೋನ್ ಕಾಲ್‌ಗಳು ಕಟ್ ಆಗುತ್ತಿದ್ದವು. ಅದಕ್ಕೇ ಲಿಂಕ್ ಸತ್ತಿದ್ದನ್ನು ಬೇಗ ಪತ್ತೆ ಮಾಡುವ ಬಿಎಫ್‌ಡಿ ಹಾಕಿದೆವು: 300 ಮಿಲಿಸೆಕೆಂಡ್‌ಗೊಂದು ಪ್ಯಾಕೆಟ್, 3 ತಪ್ಪಿದರೆ ಡೌನ್. ಈಗ ಎರಡರಲ್ಲಿ ಒಂದು ಲಿಂಕ್‌ನಲ್ಲಿ ಒಂದು ಸೆಕೆಂಡ್ ಪ್ಯಾಕೆಟ್ ಲಾಸ್ ಆದರೂ ಸೆಷನ್ ಬೀಳುತ್ತದೆ, ಮತ್ತೆ ಏಳುತ್ತದೆ, ಪ್ರತಿ ಸಲವೂ ನನ್ನ ಮೊಬೈಲ್ ಬಡಿದುಕೊಳ್ಳುತ್ತದೆ. ಬ್ರಾಂಚ್‌ನವರಿಗೆ ತೊಂದರೆ ಇಲ್ಲ, ಇನ್ನೊಂದು ಲಿಂಕ್ ಇದೆ ಅಲ್ವಾ.

ಐಎಸ್‌ಪಿಗೆ ದೂರು ಕೊಟ್ಟೆ. ಅವರು ಟೆಸ್ಟ್ ಮಾಡುವಾಗ ಲಿಂಕ್ ಸರಿಯಾಗೇ ಇರುತ್ತದೆ. ಕೇಬಲ್, ಎಸ್‌ಎಫ್‌ಪಿ (ಕೇಬಲ್ ಸಿಕ್ಕಿಸುವ ಮಾಡ್ಯೂಲ್) ಬದಲಿಸಿದೆ. ರೂಟರ್ ಸಿಪಿಯು ಲೋಡ್ ಕೂಡ ಜಾಸ್ತಿ ಇಲ್ಲ. ಅಲರ್ಟ್ ಸುಮ್ನೆ ಆಫ್ ಮಾಡಲು ಮನಸ್ಸಿಲ್ಲ, ಎರಡೂ ಲಿಂಕ್ ಹೋದರೆ ಇಡೀ ಬ್ರಾಂಚ್ ನಿಲ್ಲುತ್ತದೆ.

ಗೊಂದಲ ಇಷ್ಟೇ. ಬಿಎಫ್‌ಡಿ ಟೈಮರ್ ಅನ್ನು 1 ಸೆಕೆಂಡ್‌ಗೆ ಸಡಿಲಿಸಲೇ? ಅಥವಾ ಅದನ್ನು ಮುಟ್ಟದೆ, ಎರಡೂ ಲಿಂಕ್ ಬಿದ್ದಾಗ ಮಾತ್ರ ನನಗೆ ಅಲರ್ಟ್ ಬರುವಂತೆ ಮಾನಿಟರಿಂಗ್ ಬದಲಿಸಲೇ? ವಾಯ್ಸ್ ಟ್ರಾಫಿಕ್ ಇರುವ ಬ್ರಾಂಚ್‌ಗಳನ್ನು ನೋಡಿಕೊಳ್ಳುವವರು ಯಾವುದನ್ನು ಮಾಡಿದ್ದೀರಿ?