ಬೆಳಗಾವಿಯಲ್ಲಿ ಉದ್ದ ಕೂದಲಿನ ಗಂಡಸರಿಗೆ ಒಳ್ಳೆ ಕಟಿಂಗ್ ಎಲ್ಲಿ ಸಿಗುತ್ತದೆ?

ಭುಜದುದ್ದ: ನನ್ನ ಕೂದಲು ಭುಜ ಮುಟ್ಟುತ್ತದೆ, ಸ್ವಲ್ಪ ಗುಂಗುರು. ತುದಿ ಸೀಳಿದೆ, ಅಷ್ಟನ್ನೇ ತೆಗೆಸಬೇಕು. ಕಳೆದ ಸಲ ತಿಲಕವಾಡಿ ಕಡೆಯ ಒಂದು ದೊಡ್ಡ ಸಲೂನಿಗೆ ಹೋಗಿ ಅರ್ಧ ಇಂಚು ಸಾಕು ಅಂದೆ. ಆತ ನೀರು ಹೊಡೆದು, ಬಾಚಣಿಗೆಯಿಂದ ಎಳೆದು, ಎರಡು ಬೆರಳ ಸಂದಿಯಲ್ಲಿ ಹಿಡಿದು ಕತ್ತರಿಸಿದ. ಒಣಗಿದ ಮೇಲೆ ನೋಡಿದರೆ ಕೂದಲು ಕಿವಿಯ ಹತ್ತಿರ ನಿಂತಿದೆ! ಮೂರು ಇಂಚಾದರೂ ಹೋಗಿರಬೇಕು. ಕೂದಲು ತಿಂಗಳಿಗೆ ಬೆಳೆಯೋದೇ ಸುಮಾರು ಅರ್ಧ ಇಂಚು. ಅಂದರೆ ಆರು ತಿಂಗಳು ಕಾದಿದ್ದೆಲ್ಲ ನೆಲದ ಮೇಲೆ ಬಿತ್ತು. ನಮ್ಮ ಓಣಿಯ ಬೋರ್ ನೀರು ಬೇರೆ ಗಡಸು. ಉದ್ದ ಕೂದಲಿಗೆ ಕತ್ತರಿ ಹಾಕೋದು ಗೊತ್ತಿರುವವರು ಊರಲ್ಲಿ ಇದ್ದರೆ ದಯವಿಟ್ಟು ಹೇಳಿ.

ಕ್ಯಾಂಪ್ ಕಾಕಾ: ಬೆಳಗಾವಿ ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ದಳದ ಊರು. ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಯಾವ ಅಂಗಡಿಗಾದರೂ ಹೋಗಿ ಕೂತರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹಿಂದೆ, ಪಕ್ಕದಲ್ಲಿ ಒಂದು ಎಳೆ ಹೆಚ್ಚುಕಮ್ಮಿ ಇರೋದಿಲ್ಲ. ಸಣ್ಣಗೆ ಮಾಡಿಸಿಕೊಂಡರೆ ಈ ತಾಪತ್ರಯವೇ ಇಲ್ಲ ನೋಡಪ್ಪಾ.

ವಡಗಾವಿ ಕತ್ತರಿ: "ಹತ್ತು ನಿಮಿಷ" ಅಂದಿರಲ್ಲ ಕಾಕಾ, ತೊಂದರೆ ಇರೋದೇ ಅಲ್ಲಿ. ನಾನು ಇದೇ ಕೆಲಸದವನು, ತಂದೆಯ ಕಾಲದ ಅಂಗಡಿ. ನಾವೆಲ್ಲ ಕೈ ಪಳಗಿಸಿಕೊಂಡಿದ್ದು ಸಣ್ಣ ಕೂದಲ ಮೇಲೆ. ಮಷೀನಿಗೆ ಎರಡನೇ ನಂಬರೋ ಮೂರನೇ ನಂಬರೋ ಹಾಕಿ ಪಕ್ಕ ಹೊಡೆದು, ಮೇಲೆ ಕತ್ತರಿ ಆಡಿಸೋದು. ಉದ್ದ ಕೂದಲು ಅಂದರೆ ಭಾಗ ಮಾಡಿ, ಕ್ಲಿಪ್ ಹಾಕಿ, ಒಂದೊಂದು ಪದರ ಇಳಿಸುತ್ತಾ ಬರಬೇಕು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಿರಾಕಿ ಕೊಡೋದು ಮಾತ್ರ ಮಾಮೂಲಿ ಕಟಿಂಗ್ ರೇಟು. ಭಾನುವಾರ ಬೆಂಚಿನ ಮೇಲೆ ಅಷ್ಟು ಜನ ಕಾಯುತ್ತಾ ಕೂತಿರುವಾಗ ಯಾರು ಮಾಡುತ್ತಾರೆ ಹೇಳಿ?

ಅಂಗೋಳ ಅಕ್ಕ: "ಮಾಮೂಲಿ ರೇಟು" ಅನ್ನೋದು ನೆಪ ಅಣ್ಣಾ. ದುಡ್ಡು ಜಾಸ್ತಿ ತಗೊಂಡವರೇ ಈ ಹುಡುಗನ ಕೂದಲು ಹಾಳು ಮಾಡಿದ್ದಾರೆ. ನಾನು ಪಾರ್ಲರ್ ನಡೆಸುತ್ತೇನೆ. ಗುಂಗುರು ಕೂದಲು ಒದ್ದೆ ಇದ್ದಾಗ ಉದ್ದ ಕಾಣುತ್ತದೆ, ಒಣಗಿದರೆ ಮೇಲಕ್ಕೆ ಸುರುಳಿ ಹೋಗುತ್ತದೆ. ಅದಕ್ಕೇ ಅದನ್ನು ಒಣಗಿರುವಾಗಲೇ, ಎಳೆಯದೆ, ಬಿದ್ದಂತೆ ಬಿಟ್ಟು ಕತ್ತರಿಸಬೇಕು. ಹೆಂಗಸರಿಗೆ ಲೇಯರ್ ಮಾಡಿ ಕೈ ಕುದುರಿದವರ ಹತ್ತಿರ ಹೋಗು ತಮ್ಮಾ.

ಕ್ಯಾಂಪ್ ಕಾಕಾ: ಗಂಡಸು ಪಾರ್ಲರಿಗೆ ಹೋಗೋದಾ? ನಮ್ಮ ಕಾಲದಲ್ಲಿ ಹೀಗೆ ಹೇಳಿದ್ದರೆ ಮನೆಯಲ್ಲಿ ಊಟ ಹಾಕುತ್ತಿರಲಿಲ್ಲ.

ಅಂಗೋಳ ಅಕ್ಕ: ಕಾಕಾ, ಕೂದಲಿಗೆ ಗಂಡು ಹೆಣ್ಣು ಅಂತ ಇಲ್ಲ. ಕತ್ತರಿಗೂ ಇಲ್ಲ.

ಭುಜದುದ್ದ: ಅಕ್ಕಾ, ಪಾರ್ಲರುಗಳ ಬಾಗಿಲಲ್ಲೇ "ಮಹಿಳೆಯರಿಗೆ ಮಾತ್ರ" ಅಂತ ಬೋರ್ಡ್ ಇರುತ್ತದೆ. ಒಳಗಿರುವವರಿಗೆ ಮುಜುಗರ ಆಗಬಾರದು, ಅದು ಸರಿ. ಹಾಗಾದರೆ ನನ್ನಂಥವನು ಎಲ್ಲಿ ಹೋಗಬೇಕು?

ಜಿನುಗು ಮಳೆ: ಮೇಲೆ "ಬೋರ್ ನೀರು ಗಡಸು" ಅಂತ ಬರೆದಿದ್ದೀರಿ. ರೋಗ ಅಲ್ಲೇ ಇದೆ. ಕತ್ತರಿ ಹಿಡಿದವನನ್ನು ಬೈದು ಏನು ಬಂತು? ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂರುತ್ತದೆ. ಕೂದಲು ಒರಟಾಗಿ ತುದಿ ಸೀಳುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತದಲ್ಲ, ಅದೇ ನಿಮ್ಮ ತಲೆ ಮೇಲೂ ಇದೆ.

ರಕ್ಕಸಕೊಪ್ಪ: "ರೋಗ ಅಲ್ಲೇ ಇದೆ" ಅಂತ ಇಷ್ಟು ಖಡಾಖಂಡಿತವಾಗಿ ಹೇಗೆ ಹೇಳುತ್ತೀರಿ? ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಟ್ರೈಕಾಲಜಿಯಲ್ಲಿ 2013ರಲ್ಲಿ ಬಂದ ಅಧ್ಯಯನ ಓದಿ. ಗಡಸು ನೀರಲ್ಲಿ ಇಟ್ಟ ಕೂದಲಿಗೂ ಬಟ್ಟಿ ಇಳಿಸಿದ ನೀರಲ್ಲಿ ಇಟ್ಟ ಕೂದಲಿಗೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಜಿನುಗು ಮಳೆ: ಅದೇ ಪತ್ರಿಕೆಯಲ್ಲಿ 2018ರಲ್ಲಿ ಇನ್ನೊಂದು ಬಂದಿದೆ, ಅದನ್ನು ಯಾಕೆ ಬಿಟ್ಟಿರಿ? ಗಂಡಸರ ಕೂದಲು ತಗೊಂಡೇ ಮಾಡಿದ್ದು. ಗಡಸು ನೀರಲ್ಲಿ ಕೂದಲ ಬಲ ಕಡಿಮೆಯಾಯಿತು ಅಂತ ಸ್ಪಷ್ಟವಾಗಿದೆ. ನಮ್ಮ ಮನೆ ಬೋರ್ ನೀರಿಗೆ ಮೀಟರ್ ಹಾಕಿದರೆ ಟಿಡಿಎಸ್ 700 ತೋರಿಸುತ್ತದೆ. ಇನ್ನೇನು ಸಾಕ್ಷಿ ಬೇಕು?

ರಕ್ಕಸಕೊಪ್ಪ: ಟಿಡಿಎಸ್ ಅಂದರೆ ಗಡಸುತನ ಅಲ್ಲವೇ ಅಲ್ಲ! ನೀರಲ್ಲಿ ಕರಗಿದ ಎಲ್ಲವನ್ನೂ ಆ ಮೀಟರ್ ಸೇರಿಸಿ ತೋರಿಸುತ್ತದೆ. ಒಂದು ಲೋಟ ನೀರಿಗೆ ಅಡುಗೆ ಉಪ್ಪು ಹಾಕಿ ನೋಡಿ, ಟಿಡಿಎಸ್ ಏರುತ್ತದೆ, ಗಡಸುತನ ಏರೋದಿಲ್ಲ. ಕುಡಿಯುವ ನೀರಿಗೆ ಐಎಸ್ 10500 ಅಂತ ಮಾನದಂಡ ಇದೆ. ಗಡಸುತನ ಲೀಟರಿಗೆ 600 ಮಿಲಿಗ್ರಾಂ ವರೆಗೆ ನಡೆಯುತ್ತದೆ ಅಂತ ಅದರಲ್ಲೇ ಇದೆ.

ಜಿನುಗು ಮಳೆ: "ನಡೆಯುತ್ತದೆ" ಅನ್ನೋದು ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ. ಒಪ್ಪಬಹುದಾದ ಮಿತಿ 200. ಆ ಸಾಲನ್ನು ನುಂಗಿಬಿಟ್ಟಿರಲ್ಲ ಸರ್, ಇದು ನ್ಯಾಯವೇ?

ವಡಗಾವಿ ಕತ್ತರಿ: ಅಣ್ಣಗಳಿರಾ, ಅದು ಕುಡಿಯೋ ನೀರಿನ ಲೆಕ್ಕ, ತಲೆ ತೊಳೆಯೋದಲ್ಲ. ಹುಡುಗ ಕೇಳಿದ್ದು ಕಟಿಂಗ್. ಒಂದು ಮಾತು ಹೇಳುತ್ತೇನೆ, ನೆನಪಿಡಿ: ಹಲ್ಲಿನ ಕತ್ತರಿ ತೆಗೆದರೆ ಕೂಡಲೇ ಬೇಡ ಅನ್ನಿ. ದಟ್ಟ ನೇರ ಕೂದಲಿನ ಭಾರ ಇಳಿಸೋಕೆ ಅದು ಸರಿ. ಗುಂಗುರಿಗೆ ಹಾಕಿದರೆ ಒಳಗೆ ಗಿಡ್ಡ ಎಳೆಗಳು ಉಳಿದು, ಬೆಳೆಯುತ್ತಾ ಹೊರಗೆ ಸಿಡಿದು ನಿಲ್ಲುತ್ತವೆ.

ರಕ್ಕಸಕೊಪ್ಪ: "ಸಿಡಿದು ನಿಲ್ಲುತ್ತವೆ" ಅನ್ನೋದಕ್ಕೆ ಕಾರಣ ನಮ್ಮ ಹವೆ. ಜೂನ್ ಬಂತು ಅಂದರೆ ಬಟ್ಟೆಯೇ ಒಣಗದ ಊರಿದು. ಗಾಳಿಯ ತೇವ ಹೀರಿಕೊಂಡು ಕೂದಲು ಉಬ್ಬುತ್ತದೆ. ಊರಿನ ನಲ್ಲಿಗೆ ಬರೋದು ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯದ ನೀರು, ಮಾರ್ಕಂಡೇಯ ಮತ್ತು ಘಟಪ್ರಭೆಯದ್ದು. ಮಳೆ ತುಂಬಿಸುವ ಕೆರೆ ಕಟ್ಟೆಯ ನೀರು ಬೋರ್‌ನಷ್ಟು ಗಡಸು ಇರೋದಿಲ್ಲ. ನಮ್ಮ ಊರಿನ ನೀರಿಗೆ ಸುಮ್ನೆ ಕೆಟ್ಟ ಹೆಸರು ತರಬೇಡಿ.

ಜಿನುಗು ಮಳೆ: ಊರಿನ ನಲ್ಲಿ ನೀರಿಗೆ ನಾನು ಎಲ್ಲಿ ಕೆಟ್ಟ ಹೆಸರು ತಂದೆ? ನಾನು ಹೇಳಿದ್ದು ಬೋರ್ ನೀರು, ಮೊದಲ ಬರಹದಲ್ಲೂ ಬೋರ್ ಅಂತಲೇ ಇದೆ. ಓದದೆ ಉತ್ತರ ಕೊಟ್ಟು ಮೇಲೆ ಊರಿನ ಅಭಿಮಾನ ತರುತ್ತೀರಿ. ಬೇಸಿಗೆಯಲ್ಲಿ ನಲ್ಲಿ ದಿನಗಟ್ಟಲೆ ಬಾರದ ಓಣಿಗಳಿಗೆ ಬಂದು ನೋಡಿ.

ಶಹಾಪುರ ಸೀರೆ: ನಲ್ಲಿಗೆ ಆನ್‌ಲೈನಿನಲ್ಲಿ ಸಿಗೋ ಶವರ್ ಫಿಲ್ಟರ್ ಹಾಕಿಸಿ. ನಮ್ಮ ಮನೆಯಲ್ಲಿ ಹಾಕಿದ ಮೇಲೆ ಕೂದಲು ಮೆತ್ತಗಾಗಿದೆ.

ರಕ್ಕಸಕೊಪ್ಪ: ಆ ಫಿಲ್ಟರಿನಿಂದ ಕ್ಲೋರಿನ್ ಒಂದಿಷ್ಟು ಹೋಗಬಹುದು. ಗಡಸುತನ ಹೋಗಬೇಕಾದರೆ ಉಪ್ಪು ಹಾಕಿ ನಡೆಸೋ ಸಾಫ್ಟನರ್ ಬೇಕು. ಕ್ಯಾಲ್ಸಿಯಂ ಬಿಡಿಸಿ ಸೋಡಿಯಂ ಕೂರಿಸೋದು ಅದು. ಜನರ ದುಡ್ಡು ಹಾಳು ಮಾಡಿಸಬೇಡಿ.

ಶಹಾಪುರ ಸೀರೆ: ನಮ್ಮ ಕೂದಲು ಮೆತ್ತಗಾಗಿದ್ದು ನಮ್ಮ ಕೈಗೆ ತಿಳಿಯೋದಿಲ್ವಾ? ನಿಮ್ಮ ಪುಸ್ತಕ ನಿಮ್ಮ ಹತ್ತಿರ ಇರಲಿ ಸರ್.

ಕ್ಯಾಂಪ್ ಕಾಕಾ: ಪ್ರತಿ ತಿಂಗಳು ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆ, ದಪ್ಪ ಆಗುತ್ತದೆ. ಇದು ಹಿರಿಯರು ಹೇಳಿದ್ದು.

ಅಂಗೋಳ ಅಕ್ಕ: ಬೆಳೆಯೋದು ಬುಡದಿಂದ ಕಾಕಾ. ತುದಿಗೆ ಕತ್ತರಿ ಹಾಕಿದ್ದು ಬುಡಕ್ಕೆ ಹೇಗೆ ಗೊತ್ತಾಗಬೇಕು? ಸೀಳಿದ ತುದಿ ತೆಗೆದರೆ ಸೀಳು ಮೇಲಕ್ಕೆ ಏರೋದು ನಿಲ್ಲುತ್ತದೆ, ಉದ್ದ ಉಳಿಯುತ್ತದೆ, ಅಷ್ಟೇ.

ಕ್ಯಾಂಪ್ ಕಾಕಾ: "ಉದ್ದ ಉಳಿಯುತ್ತದೆ" ಅಂತ ನೀವೇ ಹೇಳಿದಿರಲ್ಲ. ನಾನು ಹೇಳಿದ್ದೂ ಅದೇ.

ಭುಜದುದ್ದ: ಎಲ್ಲರಿಗೂ ಕೈ ಮುಗಿಯುತ್ತೇನೆ. ಅಂಗಡಿ, ಅಂಗಡಿ ಹೇಳಿ. ನೀರಿನ ಬಗ್ಗೆ ಬೇರೆ ಚರ್ಚೆ ಶುರು ಮಾಡಿ.

ಅಂಗೋಳ ಅಕ್ಕ: ಹೀಗೆ ಮಾಡು ತಮ್ಮಾ. ಗಂಡಸರು ಹೆಂಗಸರು ಇಬ್ಬರಿಗೂ ಮಾಡುವ ಸಲೂನುಗಳು ಕಾಲೇಜ್ ರೋಡಿನಲ್ಲೂ ಆರ್‌ಪಿಡಿ ಕ್ರಾಸ್ ಕಡೆಯೂ ಇವೆ. ವಾರದ ನಡುವೆ ಮಧ್ಯಾಹ್ನ ಹೋಗು, ಆಗ ಗಡಿಬಿಡಿ ಇರೋದಿಲ್ಲ. ಲೇಯರ್ ಮಾಡೋರು ಯಾರು ಅಂತ ಕೇಳಿ ಅವರ ಕುರ್ಚಿಗೇ ಕೂರು. ಇಂಚಿನ ಲೆಕ್ಕ ಬಾಯಲ್ಲಿ ಹೇಳಬೇಡ, ಎಲ್ಲಿಗೆ ನಿಲ್ಲಬೇಕು ಅಂತ ಕೂದಲು ಹಿಡಿದು ಬೆರಳಲ್ಲಿ ತೋರಿಸು. ಮೊದಲ ಎಳೆ ಕತ್ತರಿಸಿದ ಕೂಡಲೇ ಕನ್ನಡಿ ಕೇಳು. ಜಾಸ್ತಿ ಹೋಗುತ್ತಿದೆ ಅನಿಸಿದರೆ ಅಲ್ಲೇ ನಿಲ್ಲಿಸು. ಮನೆಗೆ ಬಂದು ತೊಳೆದ ಮೇಲೆ ತುದಿಗೆ ಕಂಡೀಷನರ್ ಹಚ್ಚು.

ವಡಗಾವಿ ಕತ್ತರಿ: ಅಕ್ಕ ಹೇಳಿದ ಕನ್ನಡಿ ಮಾತು ನಮ್ಮ ಅಂಗಡಿಯಲ್ಲೂ ನಡೆಯುತ್ತದೆ. ಮಂದಿ ಕಡಿಮೆ ಇರೋ ಹೊತ್ತಿಗೆ ಬಂದರೆ, ಮುಕ್ಕಾಲು ಗಂಟೆಯ ದುಡ್ಡು ಕೊಟ್ಟರೆ ನಾನೂ ಮಾಡಿಕೊಡುತ್ತೇನೆ. ದೊಡ್ಡ ಸಲೂನೇ ಆಗಬೇಕು ಅಂತ ಇಲ್ಲ.

ಜಿನುಗು ಮಳೆ: "ಕಂಡೀಷನರ್ ಹಚ್ಚು" ಅಂತ ಅಕ್ಕನೇ ಬರೆದಿದ್ದಾರೆ ನೋಡಿ. ನೀರು ಸರಿ ಇದ್ದಿದ್ದರೆ ಅದು ಯಾಕೆ ಬೇಕಿತ್ತು?

ರಕ್ಕಸಕೊಪ್ಪ: ಮೆದು ನೀರಿನ ಊರಲ್ಲೂ ಉದ್ದ ಕೂದಲಿನವರು ಕಂಡೀಷನರ್ ಹಚ್ಚುತ್ತಾರೆ. ಟಿಡಿಎಸ್ ಮೀಟರ್ ಪಕ್ಕಕ್ಕಿಡಿ, ಗಡಸುತನ ನೋಡೋ ಕಿಟ್ ತಂದು ಅಳೆದು ಫೋಟೋ ಹಾಕಿ. ಆಮೇಲೆ ಮಾತಾಡೋಣ.

ಜಿನುಗು ಮಳೆ: ಹಾಕುತ್ತೇನೆ. ನಿಮ್ಮ ಮನೆ ನಲ್ಲಿ ನೀರಿನದ್ದೂ ಹಾಕಿ.